ಹಾಡಿಗೆ ಕೊಟ್ಟ ಹಣ ಹೋಗುವ ದಾರಿ

ಡಿಸೆಂಬರ್ ತಿಂಗಳ ನಸುಕು. ಚೆನ್ನೈಯ ಟಿ.ಟಿ.ಕೆ. ರಸ್ತೆಯ ಬೀದಿದೀಪಗಳು ಇನ್ನೂ ಆರಿರದ ಹೊತ್ತಿನಲ್ಲಿಯೇ ಮ್ಯೂಸಿಕ್ ಅಕಾಡೆಮಿಯ ಆವರಣದೊಳಗೆ ಒಂದು ಸಾಲು ಬೆಳೆಯತೊಡಗಿರುತ್ತದೆ. ಬೆಂಗಳೂರಿನವರಿಗೆ ನಗು ಬರಿಸುವಷ್ಟೇ ಚಳಿಗೆ ತಲೆಯ ತುಂಬ ಮಫ್ಲರ್ ಸುತ್ತಿಕೊಂಡ ವೃದ್ಧರು, ಕಂಚಿಯ ಸೀರೆಯ ಮೇಲೊಂದು ಸ್ವೆಟರ್ ತೊಟ್ಟ ಗೃಹಿಣಿಯರು, ಅಮೆರಿಕದಿಂದ ರಜೆ ಹಾಕಿ ಬಂದ ಮಧ್ಯವಯಸ್ಕರು, ಇವರೆಲ್ಲರೂ ಆ ಸಂಜೆಯ ಕಚೇರಿಗೆಂದು ಅಂದೇ ಮಾರುವ ಕೆಲವು ಟಿಕೆಟುಗಳಿಗಾಗಿ ಕಾದು ನಿಂತವರು. ನಡುವೆ ನಿಂತ ತರುಣನೊಬ್ಬನ ಕಿವಿಯಲ್ಲಿ ಇಯರ್‌ಫೋನ್ ಇದೆ. ಸಂಜೆ ಯಾವ ವಿದುಷಿಯ ಎದುರಿಗೆ ಕುಳಿತುಕೊಳ್ಳಬೇಕೆಂದು ಅವನು ನಿದ್ರೆಗೆಟ್ಟು ಬಂದಿರುವನೋ, ಅದೇ ವಿದುಷಿಯ ತೋಡಿರಾಗದ ಆಲಾಪನೆಯನ್ನು ಅವನೀಗ ಒಂದು ಬಿಡಿಕಾಸನ್ನೂ ಕೊಡದೆ ಕೇಳುತ್ತಿದ್ದಾನೆ.

ಕೈಯಲ್ಲಿ ಪುಕ್ಕಟೆಯಾಗಿ ಇರುವುದಕ್ಕೆ ಮತ್ತೆ ಹಣ ತೆರಲು ಸಾಲು ನಿಲ್ಲುವ ಈ ಮನುಷ್ಯನನ್ನು ಅರ್ಥಮಾಡಿಕೊಂಡರೆ, ಇಂದು ಎಲ್ಲೆಡೆ ಕೇಳಿಬರುವ ಒಂದು ಪ್ರಶ್ನೆಗೆ ಅರ್ಧ ಉತ್ತರ ದೊರೆತಂತಾಗುತ್ತದೆ. ಲೋಕದ ಸಂಗೀತವೆಲ್ಲ ಮೊಬೈಲಿನೊಳಗೆ ಬಂದು ಕುಳಿತಿರುವ ಈ ಕಾಲದಲ್ಲಿ ಜನ ಇನ್ನೂ ಸಂಗೀತಕ್ಕೆ ಹಣ ಕೊಡುತ್ತಾರೆಯೆ ಎಂಬುದೇ ಆ ಪ್ರಶ್ನೆ. ಕೊಡುತ್ತಾರೆ. ಆದರೆ ಕೊಟ್ಟದ್ದು ಯಾರ ಕೈ ಸೇರುತ್ತದೆ ಎಂಬುದನ್ನು ವಿಚಾರಿಸದೆ ಈ ಉತ್ತರವನ್ನು ನೆಚ್ಚಿಕೊಳ್ಳುವಂತಿಲ್ಲ.

ವಿದ್ಯೆಗೆ ಬೆಲೆ ಕಟ್ಟುವ ಸಂಕೋಚ

ನಮ್ಮ ನಾಡಿನಲ್ಲಿ ಸಂಗೀತಕ್ಕೂ ಹಣಕ್ಕೂ ಇರುವ ಸಂಬಂಧ ಎಂದಿನಿಂದಲೂ ಸ್ವಲ್ಪ ಮುಜುಗರದ್ದು. ನವಕೋಟಿ ನಾರಾಯಣನೆಂಬ ಸಿರಿವಂತ ಸರ್ವಸ್ವವನ್ನೂ ತೊರೆದು, ಮಧುಕರವೃತ್ತಿಯಿಂದ ಮನೆಮನೆಯ ಮುಂದೆ ಹಾಡುವ ಪುರಂದರದಾಸನಾದ ಕಥೆಯನ್ನು ಕೇಳಿ ಬೆಳೆದವರು ನಾವು. ಕಾವೇರಿಯ ದಡದ ತಿರುವಯ್ಯಾರಿನಲ್ಲಿ ತ್ಯಾಗರಾಜರು ತಂಜಾವೂರಿನ ಆಸ್ಥಾನದ ಕರೆಯನ್ನು ನಿರಾಕರಿಸಿ ಉಂಛವೃತ್ತಿಯಿಂದ ಬಾಳಿದರೆಂಬ ಕಥೆಯೂ ಅದೇ ಪಂಕ್ತಿಯದು. ನಾದವಿದ್ಯೆ ಮಾರಾಟದ ಸರಕಲ್ಲವೆಂಬ ಭಾವನೆ ಈ ಕಥೆಗಳ ಮೂಲಕ ನಮ್ಮ ರಕ್ತದಲ್ಲಿ ಇಳಿದುಬಂದಿದೆ. ಕರ್ಣಾಟಕ ಸಂಗೀತದ ಆರಂಭಿಕರು ಕಲಿಯುವ ಸರಳೆವರಿಸೆಯ ಪಾಠಕ್ರಮವನ್ನು ಪರಂಪರೆ ಪುರಂದರದಾಸರದೆಂದೇ ಹೇಳುತ್ತದಷ್ಟೆ. ಪ್ರತಿ ಪಾಠಕ್ಕೆ ಒಂದು ಕಾಸಿನಂತೆ ಗೌರವಧನ ಸಲ್ಲುವ ಏರ್ಪಾಡು ಅಂದೇ ಇದ್ದಿದ್ದರೆ, ದಾಸರು ತೊರೆದ ಸಂಪತ್ತು ಎಷ್ಟೋ ಪಾಲು ಹೆಚ್ಚಾಗಿ ಅವರ ಬೆನ್ನು ಹತ್ತಿ ಬರುತ್ತಿತ್ತು.

ಆದರೆ ವಿದ್ವಾಂಸನಿಗೂ ಹೊಟ್ಟೆಯಿದೆ. ಅದನ್ನು ಹೊರೆಯುತ್ತಿದ್ದುದು ಅರಮನೆ, ದೇವಸ್ಥಾನ ಮತ್ತು ಜಮೀನುದಾರರ ಚಾವಡಿ. ರಥೋತ್ಸವದ ದಿನ ನಾಗಸ್ವರದವರ ಹಿಂದೆ ಇಡೀ ರಾತ್ರಿ ನಡೆಯುತ್ತಿದ್ದ ಊರಜನ ಒಂದು ಕಾಸನ್ನೂ ಕೊಡುತ್ತಿರಲಿಲ್ಲ. ನಾಗಸ್ವರದವನ ಹೆಸರಿನಲ್ಲಿ ದೇವಸ್ಥಾನದ ಮಾನ್ಯದ ಭೂಮಿಯಿರುತ್ತಿತ್ತು. ಕೊಡುವವನೊಬ್ಬ, ಕೇಳುವವರು ಸಾವಿರ. ಈ ಏರ್ಪಾಡು ಅಳಿದುಹೋಯಿತೆಂದು ನಾವು ತಿಳಿದಿದ್ದೇವೆ. ಅದು ವೇಷ ಬದಲಿಸಿಕೊಂಡು ಮರಳಿ ಬಂದಿರುವುದನ್ನು ಮುಂದೆ ನೋಡೋಣ.

ಹಾಡಿಗೂ ಹಣಕ್ಕೂ ಇರುವ ಸಂಬಂಧದ ಈ ಮಾತು, ಕನ್ನಡನಾಡಿನ ಹೆಣ್ಣುಮಗಳೊಬ್ಬಳ ಉದಾಹರಣೆ ಸೇರದಿದ್ದರೆ ಅಪೂರ್ಣ. 1878ರಲ್ಲಿ ನಂಜನಗೂಡಿನಲ್ಲಿ ಜನಿಸಿ, ಬೆಂಗಳೂರು ನಾಗರತ್ನಮ್ಮನೆಂದು ಪ್ರಸಿದ್ಧಳಾಗಿ, ಮದರಾಸಿನಲ್ಲಿ ನೆಲೆಸಿ, ತನ್ನ ಕಂಠದಿಂದಲೇ ಧನವನ್ನೂ ಆಭರಣಗಳನ್ನೂ ಗಳಿಸಿದ ಆಕೆ, 1920ರ ದಶಕದಲ್ಲಿ ತಿರುವಯ್ಯಾರಿನ ತ್ಯಾಗರಾಜರ ಸಮಾಧಿ ಪಾಳುಬಿದ್ದಿರುವುದನ್ನು ತಿಳಿದು, ತನ್ನ ಗಳಿಕೆಯನ್ನು ಅಲ್ಲಿ ಸುರಿದು ಗುಡಿಯನ್ನು ಕಟ್ಟಿಸಿದಳು. ಇಂದು ಅಲ್ಲಿ ತ್ಯಾಗರಾಜರ ಆರಾಧನೆಯ ದಿನ ಅವರ ಪಂಚರತ್ನ ಕೃತಿಗಳನ್ನು ಹಾಡುವ ವಿದ್ವಾಂಸರಲ್ಲಿ ಯಾರೂ ಸಂಭಾವನೆ ಪಡೆಯುವುದಿಲ್ಲ. ಅವರು ಕುಳಿತು ಹಾಡುವ ಆ ನೆಲೆಗೆ ಬೆಲೆ ತೆತ್ತವಳು, ಜೀವನವಿಡೀ ಹಾಡಿ ಗಳಿಸಿದ ಒಬ್ಬ ಗಾಯಕಿ.

ಸಭೆಗಳು ತಂದ ಟಿಕೆಟು

ಸಂಸ್ಥಾನಗಳ ಕೈ ಸಣ್ಣದಾದಂತೆ ತಂಜಾವೂರಿನ ಕಡೆಯಿಂದಲೂ ಮೈಸೂರಿನ ಕಡೆಯಿಂದಲೂ ವಿದ್ವಾಂಸರು ಮದರಾಸಿನತ್ತ ಮುಖ ಮಾಡಿದರು. ಅಲ್ಲಿ ಒಬ್ಬ ದೊರೆಯಿರಲಿಲ್ಲ. ವಕೀಲರು, ಗುಮಾಸ್ತರು, ವೈದ್ಯರು, ವರ್ತಕರು ಇದ್ದರು. ಒಬ್ಬ ಮಹಾರಾಜ ಕೊಡುತ್ತಿದ್ದುದನ್ನು ಇನ್ನೂರು ಮಂದಿ ಗುಮಾಸ್ತರು ಚಂದಾ ಎತ್ತಿ ಕೊಡಬಹುದೆಂಬ ಯೋಚನೆಯ ಫಲವೇ ಸಭೆ. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ಸ್ವಾಮಿ ಸಭೆ 1900ರಲ್ಲಿ ಆರಂಭವಾಯಿತು. 1927ರಲ್ಲಿ ಮದರಾಸಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಜೊತೆಗೆ ಕೂಡಿದ ಸಂಗೀತ ಸಮ್ಮೇಳನದಿಂದ ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅದರ ಸಂಗೀತ ಕಳಾನಿಧಿ ಬಿರುದು 1935ರಲ್ಲಿ ಮೈಸೂರು ವಾಸುದೇವಾಚಾರ್ಯರಿಗೂ 1957ರಲ್ಲಿ ಪಿಟೀಲು ಚೌಡಯ್ಯನವರಿಗೂ ಸಂದದ್ದನ್ನು ನಮ್ಮವರು ಇಂದಿಗೂ ಹೆಮ್ಮೆಯಿಂದ ನೆನೆಯುವುದುಂಟು.

ಟಿಕೆಟು ಬಂದುದರಿಂದ ಸಂಗೀತದ ರೂಪವೇ ಬದಲಾಯಿತು. ದುಡ್ಡು ಕೊಟ್ಟು ಬಂದವನಿಗೆ ಮರುದಿನ ಆಫೀಸಿಗೋ ಕೋರ್ಟಿಗೋ ಹೋಗಬೇಕಾದ್ದರಿಂದ, ಒಂದೇ ರಾಗವನ್ನು ರಾತ್ರಿಯಿಡೀ ವಿಸ್ತರಿಸುವ ಕಾಲ ಸಂದಿತು. ವರ್ಣದಿಂದ ಮೊದಲಾಗಿ, ನಡುವೆ ಪ್ರಧಾನ ಕೃತಿಯೊಂದು ಬಂದು, ದೇವರನಾಮ ತಿಲ್ಲಾನಗಳಲ್ಲಿ ಮುಗಿಯುವ ಎರಡೂವರೆ ಮೂರು ಗಂಟೆಯ ಕಚೇರಿ ಪದ್ಧತಿ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರ ಕೈಯಲ್ಲಿ ಸ್ಥಿರಗೊಂಡಿತು. ಹಣ ಬರುವ ದಾರಿ ಹಾಡುವ ರೀತಿಯನ್ನು ತಿದ್ದುತ್ತದೆಂಬ ಈ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮೊಬೈಲಿನ ಪ್ರಸಂಗದಲ್ಲಿ ಅದು ಮತ್ತೆ ಬೇಕಾಗುತ್ತದೆ.

ಆದರೆ ಸಭೆ ಟಿಕೆಟಿನಿಂದಲೇ ನಡೆಯುತ್ತದೆಂದು ಭಾವಿಸಬಾರದು. ಧನುರ್ಮಾಸದಲ್ಲಿ, ಎಂದರೆ ತಮಿಳರ ಮಾರ್ಗಳಿಯಲ್ಲಿ, ಚೆನ್ನೈಯ ಯಾವುದೇ ಸಭೆಯ ದಿನಚರಿಯನ್ನು ನೋಡಿರಿ. ಮಧ್ಯಾಹ್ನದ ಕಚೇರಿಗಳು ಬಹುಪಾಲು ಉಚಿತ, ಹಾಡುವವರು ಕಿರಿಯರು, ಕೇಳುವವರು ಹತ್ತಿಪ್ಪತ್ತು ಮಂದಿ, ಅವರಲ್ಲಿ ಅರ್ಧ ಬಂಧುಗಳು. ಸಂಜೆಯ ಕಚೇರಿಗೆ ಟಿಕೆಟು, ಹಾಡುವವರು ಪ್ರಸಿದ್ಧರು, ಸಭಾಂಗಣ ಭರ್ತಿ. ವೇದಿಕೆಯ ಹಿಂಬದಿಯ ಪರದೆಯ ಮೇಲೆ ರೇಷ್ಮೆ ಅಂಗಡಿ, ಒಡವೆ ಅಂಗಡಿ, ಬ್ಯಾಂಕು, ಕಾಫಿಪುಡಿ ಇವುಗಳ ಹೆಸರುಗಳು ವಿದ್ವಾಂಸರ ತಲೆಗಿಂತ ದೊಡ್ಡ ಅಕ್ಷರಗಳಲ್ಲಿ ರಾರಾಜಿಸುತ್ತವೆ. ಸದಸ್ಯರ ಚಂದಾ, ದಾನಿಗಳ ಔದಾರ್ಯ, ಜಾಹೀರಾತು, ಇವು ಮೂರೂ ಸೇರಿ ಸಭೆಯ ಖರ್ಚಿನ ಬಹುಭಾಗವನ್ನು ಹೊರುತ್ತವೆ.

ಇನ್ನು ಕ್ಯಾಂಟೀನಿನ ವಿಷಯ. ತನಿ ಆವರ್ತನ ಆರಂಭವಾಗಿ ಮೃದಂಗದವರು ತೊಡೆಯ ಮೇಲೆ ವಾದ್ಯವನ್ನು ಸರಿಪಡಿಸಿಕೊಳ್ಳುತ್ತಿರುವಂತೆಯೇ ಹಿಂದಿನ ಸಾಲುಗಳು ಸದ್ದಿಲ್ಲದೆ ಎದ್ದು, ಬಿಸಿ ಅಡೈ ಅವಿಯಲ್, ಕೀರೆವಡೆ, ಡಿಕಾಕ್ಷನ್ ಕಾಫಿಗಳತ್ತ ನಡೆಯುವ ದೃಶ್ಯವನ್ನು ಕಂಡವರೆಲ್ಲ ಬಲ್ಲರು. ಯಾವ ಸಭೆಯಲ್ಲಿ ಈ ವರ್ಷ ಯಾರ ಅಡುಗೆಯೆಂಬುದು ಯಾರ ಕಚೇರಿಯೆಂಬುದರಷ್ಟೇ ಗಂಭೀರವಾದ ಚರ್ಚೆಯ ವಿಷಯ. ಎರಡು ತಾಸಿನ ಮೃದಂಗವಾದನಕ್ಕೆ ಆ ವಿದ್ವಾಂಸನಿಗೆ ಸಂದ ಹಣಕ್ಕೂ, ಅದೇ ಎರಡು ತಾಸಿನಲ್ಲಿ ಕ್ಯಾಂಟೀನಿನ ಗಲ್ಲಾಪೆಟ್ಟಿಗೆಗೆ ಬಿದ್ದ ಹಣಕ್ಕೂ ಇರುವ ಅಂತರವನ್ನು ಯಾರಾದರೂ ಲೆಕ್ಕ ಹಾಕಿದರೆ ರಸಿಕರು ನಾಚಿಕೊಳ್ಳಬೇಕಾಗುತ್ತದೆಂಬುದು ನನ್ನ ಊಹೆ. ಕಿರಿಯರ ಪಾಡು ಇನ್ನೂ ಕಷ್ಟ. ಆಟೋ ಬಾಡಿಗೆಗೆ ಸಾಲುವಷ್ಟು ಸಂಭಾವನೆ, ಕೆಲವೆಡೆ ಅದೂ ಇಲ್ಲ. ಹಣ ಕೊಟ್ಟೇ ಅವಕಾಶ ಪಡೆಯಬೇಕಾಗುತ್ತದೆಂಬ ದೂರಂತೂ ಬಹುಕಾಲದಿಂದ ಕೇಳಿಬರುತ್ತಿದೆ.

ತಟ್ಟೆ, ಪೆಟ್ಟಿಗೆ, ಸುರುಳಿ

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್‌ರ ಕಂಠವನ್ನು ಗ್ರಾಮಫೋನ್ ಕಂಪೆನಿ ಮುದ್ರಿಸಿಕೊಂಡಿತು. ಕೊನೆಗಾಲದಲ್ಲಿ ಮೈಸೂರು ಆಸ್ಥಾನದ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡ ಆಕೆಯ ಆ ಮುದ್ರಣದಿಂದ ಈ ದೇಶದಲ್ಲಿ ಒಂದು ಹೊಸ ಸಂಬಂಧ ಆರಂಭವಾಯಿತು: ಹಾಡುವವರು ಎದುರಿಗಿಲ್ಲದಿದ್ದರೂ ಹಾಡನ್ನು ಕೊಳ್ಳಬಹುದಾಯಿತು. ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು ಮೂರೂವರೆ ನಿಮಿಷ ಮಾತ್ರ. ಒಂದು ಗಂಟೆ ರಾಗ ಬೆಳೆಸಬಲ್ಲ ವಿದ್ವಾಂಸರು ಪಲ್ಲವಿ, ಅನುಪಲ್ಲವಿ, ಚರಣಗಳನ್ನು ಆತುರಾತುರವಾಗಿ ಮುಗಿಸಿ ಕೊನೆಯಲ್ಲಿ ಎರಡು ಆವರ್ತ ಸ್ವರ ಹಾಕುವುದನ್ನು ಆ ತಟ್ಟೆಗಳಲ್ಲಿ ಇಂದಿಗೂ ಕೇಳಬಹುದು.

ಮದರಾಸಿನಲ್ಲಿ ಈ ವ್ಯಾಪಾರ ಮೌಂಟ್ ರೋಡನ್ನು ಆಶ್ರಯಿಸಿತು. ಕಾರೈಕ್ಕುಡಿಯಿಂದ ಬಂದ ಎ.ವಿ. ಮೆಯ್ಯಪ್ಪನ್ ಮಿತ್ರರೊಡನೆ 1932ರಲ್ಲಿ ಸರಸ್ವತಿ ಸ್ಟೋರ್ಸ್ ಸ್ಥಾಪಿಸಿ, ತಟ್ಟೆಗಳ ಮಾರಾಟದಿಂದ ಮುದ್ರಣಕ್ಕೂ ಮುದ್ರಣದಿಂದ ಚಲನಚಿತ್ರಕ್ಕೂ ನಡೆದು ಎ.ವಿ.ಎಂ. ಸ್ಟುಡಿಯೋವನ್ನು ಕಟ್ಟಿದರು. ಆ ದಿನಗಳಲ್ಲಿ ಜನ ಹಣ ಕೊಟ್ಟದ್ದು ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುವಿಗೆ: ತಟ್ಟೆಗೆ, ಯಂತ್ರಕ್ಕೆ, ಸೂಜಿಯ ಡಬ್ಬಿಗೆ. ಗಾಯಕರಿಗೆ ಬಹುಮಟ್ಟಿಗೆ ಒಂದೇ ಕಂತಿನ ಮೊತ್ತ.

ಅಷ್ಟರಲ್ಲಿ ಪುಕ್ಕಟೆಯಾದುದೂ ಬಂದಿತ್ತು. 1924ರಲ್ಲಿ ಮದರಾಸಿನಲ್ಲಿ ರೇಡಿಯೋ ಕ್ಲಬ್ಬೊಂದು ಪ್ರಸಾರ ಆರಂಭಿಸಿತು. 1930ರಲ್ಲಿ ನಗರಸಭೆ ಅದನ್ನು ವಹಿಸಿಕೊಂಡಿತು. 1938ರ ಜೂನ್‌ನಲ್ಲಿ ಆಕಾಶವಾಣಿಯ ಮದರಾಸು ನಿಲಯ ತೆರೆಯಿತು. ಪುಕ್ಕಟೆಯೆಂದೆನಾದರೂ ಅದು ಅಷ್ಟು ನಿಜವಲ್ಲ. ರೇಡಿಯೋ ಇಟ್ಟುಕೊಳ್ಳಲು ಅಂಚೆಕಚೇರಿಯಲ್ಲಿ ಪ್ರತಿವರ್ಷ ಲೈಸೆನ್ಸ್ ಶುಲ್ಕ ಕಟ್ಟಿ, ಪುಟ್ಟ ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಕೋಟಿಗಟ್ಟಲೆ ಮನೆಗಳು ಹೀಗೆ ಕೊಟ್ಟ ಕಿರುಕಾಣಿಕೆಯ ಬಲದಿಂದ ಸರಕಾರ ನಿಲಯದ ಕಲಾವಿದರಿಗೆ ಸಂಬಳವನ್ನೂ, ಶ್ರೇಣಿ ಪಡೆದ ವಿದ್ವಾಂಸರಿಗೆ ಕಾರ್ಯಕ್ರಮದ ಸಂಭಾವನೆಯನ್ನೂ ಕೊಟ್ಟಿತು. ಆಕಾಶವಾಣಿಯ ಆ ಚೆಕ್ಕು ಎಷ್ಟು ಮನೆಗಳ ಅಕ್ಕಿಬೇಳೆಯಾಗಿತ್ತೆಂಬುದನ್ನು ವಿದ್ವಾಂಸರ ಕುಟುಂಬದವರನ್ನು ಕೇಳಿಯೇ ತಿಳಿಯಬೇಕು.

ಆಮೇಲೆ ಕ್ಯಾಸೆಟ್ಟಿನ ಕಾಲ. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕನ್ನಡದ ಭಾವಗೀತೆಯನ್ನು ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಒಯ್ದಿತು. ಚೆನ್ನೈಯಲ್ಲಿಯೂ ಬೆಂಗಳೂರಿನಲ್ಲಿಯೂ ಬೀದಿಬೀದಿಗೊಂದು ‘ರೆಕಾರ್ಡಿಂಗ್ ಸೆಂಟರ್’ ಎದ್ದಿತು. ನೋಟ್‌ಬುಕ್ಕಿನ ಹಾಳೆಯಲ್ಲಿ ಹದಿನಾರು ಹಾಡುಗಳ ಪಟ್ಟಿ ಬರೆದುಕೊಂಡು ಹೋಗಿ, ಖಾಲಿ ಕ್ಯಾಸೆಟ್ಟಿನೊಡನೆ ಅಂಗಡಿಯವನಿಗೆ ಕೊಟ್ಟರೆ, ಎರಡು ದಿನದಲ್ಲಿ ಎ ಬದಿ, ಬಿ ಬದಿಗಳೆರಡನ್ನೂ ತುಂಬಿಸಿ, ರಟ್ಟಿನ ಮೇಲೆ ಅಚ್ಚುಕಟ್ಟಾದ ಕೈಬರಹದಲ್ಲಿ ಹಾಡುಗಳ ಹೆಸರು ಬರೆದು ಕೊಡುತ್ತಿದ್ದ. ಕಾನೂನಿನ ದೃಷ್ಟಿಯಲ್ಲಿ ಅದು ಶುದ್ಧ ಕಳವು. ಆದರೆ ಕೊಳ್ಳುವವನು ಹಣ ಕೊಟ್ಟಿದ್ದನಲ್ಲ! ಖಾಲಿ ಕ್ಯಾಸೆಟ್ಟಿನ ಕಂಪೆನಿಗೆ ಕೊಟ್ಟಿದ್ದ, ಅಂಗಡಿಯವನಿಗೆ ಕೊಟ್ಟಿದ್ದ. ಹಾಡಿದವರಿಗೂ ರಾಗ ಹಾಕಿದವರಿಗೂ ಮಾತ್ರ ಏನೂ ಹೋಗಿರಲಿಲ್ಲ. ಚೆನ್ನೈ ಬಂದರಿನ ಬಳಿಯ ಬರ್ಮಾ ಬಜಾರು ಇದೇ ವಿದ್ಯೆಯನ್ನು ಸಿ.ಡಿ.ಗಳಲ್ಲಿ ಇನ್ನೂ ದೊಡ್ಡದಾಗಿ ನಡೆಸಿತು.

ಒಬ್ಬ ಮಹಾರಾಜರ ಚಂದಾ

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಮೈಸೂರಿಗೆ ಹೋಗಿಬರುವುದು ಉಚಿತ. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರ ಲಂಡನ್ನಿನಲ್ಲಿ ಬಡತನದಲ್ಲಿ, ಬಹುಮಂದಿಗೆ ಅಪರಿಚಿತನಾಗಿ ದಿನ ನೂಕುತ್ತಿದ್ದಾಗ, ಅವನ ಪಿಯಾನೋ ಕೃತಿಗಳಲ್ಲಿ ಮನಸ್ಸಿಟ್ಟಿದ್ದ ಜಯಚಾಮರಾಜ ಒಡೆಯರು, ಸ್ವತಃ ಪಾಶ್ಚಾತ್ಯ ಸಂಗೀತದ ಗಂಭೀರ ಅಭ್ಯಾಸಿಗಳಾಗಿದ್ದವರು, ತಮ್ಮ ಹಣದಿಂದ ಅವನ ಕೃತಿಗಳನ್ನು ಎಚ್.ಎಂ.ವಿ. ತಟ್ಟೆಗಳಲ್ಲಿ ಮುದ್ರಿಸಲು ಏರ್ಪಾಡು ಮಾಡಿದರು. 1940ರ ದಶಕದ ಕೊನೆಯಲ್ಲಿ ನಡೆದ ಈ ಮುದ್ರಣಗಳಲ್ಲಿ ಮೆಟ್ನರ್ ತಾನೇ ಪಿಯಾನೋ ನುಡಿಸಿದ, ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ, 1951ರಲ್ಲಿ ತೀರಿಕೊಂಡ. 1950ರ ಮೇ ತಿಂಗಳಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗ ನಡೆದಾಗಲೂ ಅದರ ಖರ್ಚಿಗೆ ಹೊಣೆ ನಿಂತವರು ಇದೇ ಒಡೆಯರು.

ಕೊಳ್ಳುವವರೇ ಇಲ್ಲದ ಸಂಗೀತಕ್ಕೆ ಒಬ್ಬರು ಬೆಲೆ ತೆತ್ತರು. ಅದರಿಂದಾಗಿ ಮೆಟ್ನರ್‌ನ ಸ್ವಂತ ಕೈಬೆರಳುಗಳ ನಾದ ಎಪ್ಪತ್ತೈದು ವರ್ಷಗಳ ನಂತರವೂ ಕೇಳಸಿಗುತ್ತಿದೆ. ಕೇಳುಗರ ಸಂಖ್ಯೆಯನ್ನೇ ಅಳತೆಗೋಲಾಗಿ ಹಿಡಿದಿದ್ದರೆ ಅದು ಉಳಿಯುತ್ತಿರಲಿಲ್ಲ. ಇಂದಿನ ಮೊಬೈಲ್ ಸಂಗೀತದ ಏರ್ಪಾಡು ಹಿಡಿದಿರುವುದು ಅದೊಂದೇ ಅಳತೆಗೋಲನ್ನು.

ಎಲ್ಲರ ಹಣವೂ ಒಂದೇ ಹುಂಡಿಗೆ

ಸ್ಟ್ರೀಮಿಂಗ್ ಎಂದರೆ ಹಾಡನ್ನು ಕೊಳ್ಳದೆ, ಬೇಕೆಂದಾಗ ಅಂತರ್ಜಾಲದಿಂದ ಹರಿಸಿ ಕೇಳುವ ವ್ಯವಸ್ಥೆ. ನಮ್ಮಲ್ಲಿ ಗಾನಾ 2010ರಲ್ಲಿಯೂ, ವಿಂಕ್ 2014ರಲ್ಲಿಯೂ, ಸ್ಪಾಟಿಫೈ 2019ರ ಫೆಬ್ರವರಿಯಲ್ಲಿಯೂ ಬಂದವು. ಸಾವನ್ ಜಿಯೋದೊಡನೆ ಸೇರಿ ಜಿಯೋಸಾವನ್ ಆಯಿತು. ಯೂಟ್ಯೂಬ್ ಅಂತೂ ಎಲ್ಲರಿಗೂ ಅಂಗೈಯ ನೆಲ್ಲಿಕಾಯಿ. ಸ್ಪಾಟಿಫೈ ಬಂದಾಗ ಇಲ್ಲಿ ತಿಂಗಳ ಚಂದಾ 119 ರೂಪಾಯಿ. ಆಗ ಅಮೆರಿಕದಲ್ಲಿ 9.99 ಡಾಲರ್, ಎಂದರೆ ಅಂದಿನ ಲೆಕ್ಕದಲ್ಲಿ ಸುಮಾರು 700 ರೂಪಾಯಿ. ಇಷ್ಟು ಅಗ್ಗವಾದರೂ ಚಂದಾ ಕಟ್ಟಿದವರು ಅತ್ಯಲ್ಪ. ಫಿಕ್ಕಿ ಮತ್ತು ಇ.ವೈ. ಸಂಸ್ಥೆಗಳ ವಾರ್ಷಿಕ ವರದಿಯ ಅಂದಾಜಿನಂತೆ 2024ರಲ್ಲಿ ನಮ್ಮ ದೇಶದಲ್ಲಿ ಹೀಗೆ ಕೇಳುವವರು ಹದಿನೇಳು ಹದಿನೆಂಟು ಕೋಟಿ. ಹಣ ಕೊಡುವವರು ಸುಮಾರು ಒಂದು ಕೋಟಿ. ಲೋಕದಲ್ಲಿ ಅದೇ ವರ್ಷ ಮುದ್ರಿತ ಸಂಗೀತದಿಂದ ಬಂದ ವರಮಾನ 2,960 ಕೋಟಿ ಡಾಲರ್. ಅದರಲ್ಲಿ ನೂರಕ್ಕೆ 69 ಪಾಲು ಸ್ಟ್ರೀಮಿಂಗ್‌ನದು. ಚಂದಾದಾರರು 75 ಕೋಟಿ. ಲೋಕ ಕೊಡುತ್ತಿದೆ, ನಾವು ಕೈಹಿಡಿತ ಮಾಡುತ್ತಿದ್ದೇವೆ.

ಹಾಗೆಂದು ಭಾರತೀಯ ಶ್ರೋತೃ ಪುಕ್ಕಟೆಯಾಗಿ ಕೇಳುತ್ತಾನೆನ್ನುವುದು ಪೂರ್ತಿ ನ್ಯಾಯವಲ್ಲ. ಅವನು ಮೊಬೈಲಿಗೆ ಪ್ರತಿತಿಂಗಳು ರೀಚಾರ್ಜ್ ಮಾಡಿಸುತ್ತಾನೆ. ಎರಡು ಹಾಡುಗಳ ನಡುವೆ ಸಾಬೂನಿನದೋ ಸಾಲದ್ದೋ ಜಾಹೀರಾತನ್ನು ಸಹಿಸುತ್ತಾನೆ. ಕೊಡುವವನೊಬ್ಬ, ಕೇಳುವವರು ಸಾವಿರ ಎಂದೆನಲ್ಲ, ಆ ಹಳೆಯ ಜಮೀನುದಾರನ ಚಾವಡಿಯಲ್ಲಿ ಈಗ ಸಾಬೂನಿನ ಕಂಪೆನಿ ಕುಳಿತಿದೆ. ಆದರೆ ಈ ದಾರಿಯೂ ಭದ್ರವಲ್ಲವೆಂದು ಅನುಭವ ಹೇಳುತ್ತಿದೆ. ಗಾನಾ 2022ರಲ್ಲಿ ಉಚಿತ ಸೇವೆಯನ್ನು ನಿಲ್ಲಿಸಿ ಚಂದಾದಾರರಿಗೆ ಮಾತ್ರವೆಂದಿತು. ರೆಸ್ಸೋ ಎಂಬ ಇನ್ನೊಂದು ಆ್ಯಪ್ 2024ರ ಜನವರಿಯಲ್ಲಿ ಮುಚ್ಚಿತು. ವಿಂಕ್ ಅದೇ ವರ್ಷ ಅಂಗಡಿ ಎತ್ತಿತು.

ಈಗ ಹಂಚಿಕೆಯ ರೀತಿಯನ್ನು ನೋಡೋಣ. ಇಡೀ ವಿಷಯದ ಮರ್ಮ ಇರುವುದು ಇಲ್ಲಿ. ನೀವು ತಿಂಗಳಿಗೆ ನೂರು ರೂಪಾಯಿ ಚಂದಾ ಕಟ್ಟಿ, ತಿಂಗಳಿಡೀ ಒಬ್ಬ ವೈಣಿಕ ವಿದುಷಿಯ ವೀಣೆಯನ್ನು ಮಾತ್ರ ಕೇಳಿದಿರೆನ್ನಿ. ನಿಮ್ಮ ಹಣ ಆಕೆಗೆ ಹೋಗುತ್ತದೆಂದು ನೀವು ಭಾವಿಸುವುದು ಸಹಜ. ಹಾಗಾಗುವುದಿಲ್ಲ. ದೇವಸ್ಥಾನದ ಹುಂಡಿಗೆ ಹಾಕಿದ ನೋಟಿನ ಮೇಲೆ ಭಕ್ತನ ಹೆಸರಿರುವುದಿಲ್ಲವಷ್ಟೆ. ಎಲ್ಲ ಚಂದಾದಾರರ ಹಣವೂ ಹಾಗೆಯೇ ಒಂದೇ ಹುಂಡಿಗೆ ಬಿದ್ದು, ಕಂಪೆನಿ ತನ್ನ ಪಾಲನ್ನು, ಸ್ಥೂಲವಾಗಿ ಮೂರನೆಯ ಒಂದು ಭಾಗವನ್ನು, ತೆಗೆದುಕೊಂಡ ಮೇಲೆ ಉಳಿದದ್ದು ಆ ತಿಂಗಳು ದೇಶದಲ್ಲಿ ಯಾವ ಹಾಡು ಎಷ್ಟು ಸಲ ಕೇಳಲ್ಪಟ್ಟಿತೋ ಆ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ವೀಣೆಯ ಏಕಾಂತ ಭಕ್ತನ ನೂರು ರೂಪಾಯಿಯ ಬಹುಪಾಲು, ಅವನು ಹೆಸರನ್ನೂ ಕೇಳಿರದ ಚಲನಚಿತ್ರಗೀತೆಗಳ ಒಡೆಯರಿಗೆ ಸಲ್ಲುತ್ತದೆ.

ಎಣಿಕೆಯ ನಿಯಮ ಇನ್ನೂ ವಿಚಿತ್ರ. ಸ್ಪಾಟಿಫೈಯಂಥಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ‘ಪ್ಲೇ’. ನಾಲ್ಕು ನಿಮಿಷದ ಸಿನಿಮಾ ಹಾಡೂ ಒಂದು ಪ್ಲೇ. ಐವತ್ತು ನಿಮಿಷದ ರಾಗ ತಾನ ಪಲ್ಲವಿಯೂ ಒಂದೇ ಪ್ಲೇ. ಒಂದು ಗಂಟೆಯಲ್ಲಿ ಹದಿನೈದು ಸಲ ಎಣಿಕೆಗೆ ಸಿಗುವ ಸಂಗೀತದ ಎದುರಿಗೆ ಶಂಕರಾಭರಣದ ವಿಸ್ತಾರಕ್ಕೆ ಒಂದೇ ಎಣಿಕೆ. ಸಾಲದ್ದಕ್ಕೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಲ್ಪಡದ ಮುದ್ರಣಕ್ಕೆ ಗೌರವಧನವೇ ಇಲ್ಲವೆಂಬ ನಿಯಮವನ್ನು ಆ ಕಂಪೆನಿ 2024ರಿಂದ ತಂದಿದೆ. ಮೂರೂವರೆ ನಿಮಿಷದ ತಟ್ಟೆ ಒಂದು ಬಗೆಯ ಸಂಕ್ಷೇಪವನ್ನು ಕಲಿಸಿತು. ಈ ಎಣಿಕೆ ಇನ್ನೊಂದು ಬಗೆಯದನ್ನು ಕಲಿಸುತ್ತಿದೆ. ಆಲಾಪನೆ ಬೇರೆ, ತಾನ ಬೇರೆ, ಪಲ್ಲವಿ ಬೇರೆ, ತನಿ ಬೇರೆ ಎಂದು ಒಂದೇ ಕಚೇರಿಯನ್ನು ತುಂಡುತುಂಡಾಗಿ ಏರಿಸಿರುವುದನ್ನು ಕಂಡರೆ ಅದಕ್ಕಾಗಿ ವಿದ್ವಾಂಸರನ್ನು ನಾನು ಆಕ್ಷೇಪಿಸಲಾರೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಒಬ್ಬೊಬ್ಬ ಚಂದಾದಾರನ ಹಣವನ್ನು ಅವನು ಕೇಳಿದವರಿಗೇ ಹಂಚಬೇಕೆಂಬ ವಾದ ಯೂರೋಪಿನಲ್ಲಿ ಬಹಳ ದಿನಗಳಿಂದ ನಡೆದಿದೆ. ನಮ್ಮಲ್ಲಿ ಅದರ ಸೊಲ್ಲೇ ಇಲ್ಲ.

ಹಕ್ಕು ಯಾರದು

ಹುಂಡಿಯಿಂದ ಹೊರಟ ಹಣವೂ ನೇರವಾಗಿ ಹಾಡಿದವರ ಮನೆಗೆ ಬರುವುದಿಲ್ಲ. ಮೊದಲು ಮುದ್ರಣದ ಒಡೆಯರಾದ ಕಂಪೆನಿಗೆ ಹೋಗುತ್ತದೆ. ಈ ಒಡೆತನದ ಜಗಳಕ್ಕೆ ಚೆನ್ನೈಯ ಚಿತ್ರರಂಗದ ನೆಲೆಯಾದ ಕೋಡಂಬಾಕ್ಕಮೇ ರಣರಂಗ.

1970ರ ದಶಕದವರೆಗೂ ಕನ್ನಡ ಚಿತ್ರಗೀತೆಗಳ ಬಹುಭಾಗ ಮುದ್ರಿತವಾದದ್ದು ಮದರಾಸಿನಲ್ಲಿಯೇ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್ ನಾಗೇಂದ್ರರು ರಾಗ ಹಾಕಿದರು, ಪಿ.ಬಿ. ಶ್ರೀನಿವಾಸರು ಹಾಡಿದರು. ವಾದ್ಯಗಾರರಿಗೆ ಕಾಲ್‌ಶೀಟಿನ ಲೆಕ್ಕದಲ್ಲಿ ದಿನಗೂಲಿಯಂತೆ ಹಣ. ಹಾಡು ಐವತ್ತು ವರ್ಷ ಬಾಳಿದರೂ, ಅದರ ಪಿಟೀಲಿನ ಸಾಲಿನಲ್ಲಿ ಕುಳಿತವನಿಗೆ ಆ ಅರ್ಧ ದಿನದ ಕೂಲಿಯೇ ಮೊದಲು, ಅದೇ ಕೊನೆ. ಕೆಥೀಡ್ರಲ್ ರಸ್ತೆಯಲ್ಲಿ ಉಡುಪಿಯ ಕೃಷ್ಣರಾಯರ ಮನೆತನದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇದ್ದಷ್ಟು ಕಾಲ, ಜೇಬಿನ ತುಂಬ ಬಣ್ಣಬಣ್ಣದ ಲೇಖನಿಗಳನ್ನಿಟ್ಟುಕೊಂಡು ಅಲ್ಲಿ ಕುಳಿತು ಬರೆಯುತ್ತಿದ್ದ ಪಿ.ಬಿ.ಎಸ್. ಅವರನ್ನು ಕಂಡು ನಮಸ್ಕರಿಸಿದ ಕನ್ನಡಿಗರು ಅನೇಕರು. ಆ ಕಂಠ ದಿನಕ್ಕೆ ಎಷ್ಟು ಸಲ ರೇಡಿಯೋದಲ್ಲಿ ಮೊಳಗುತ್ತಿತ್ತೋ ಅಷ್ಟು ಸಲವೂ ಒಂದು ಕಾಸಿನಂತೆ ಹಕ್ಕಿನಿಂದ ಕೇಳಿ ಪಡೆಯುವ ಕಾನೂನು ಅಂದು ಇರಲಿಲ್ಲ.

1977ರಲ್ಲಿ ಸುಪ್ರೀಂ ಕೋರ್ಟು, ಚಿತ್ರಕ್ಕಾಗಿ ಸಂಭಾವನೆ ಕೊಟ್ಟು ಮಾಡಿಸಿದ ಸಂಗೀತಕ್ಕೆ ನಿರ್ಮಾಪಕನೇ ಮೊದಲ ಒಡೆಯನೆಂದು ತೀರ್ಮಾನಿಸಿತು. ಅದೇ ತೀರ್ಪಿಗೆ ಒಂದು ಟಿಪ್ಪಣಿ ಸೇರಿಸಿದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಗಾಯಕನಿಗೆ ಕಾನೂನಿನಲ್ಲಿ ಯಾವ ಹಕ್ಕೂ ಇಲ್ಲದಿರುವ ವಿಪರ್ಯಾಸದತ್ತ ಬೆರಳು ತೋರಿದರು. ಕಲಾವಿದರ ಹಕ್ಕು ಕಾನೂನಿನ ಪುಸ್ತಕಕ್ಕೆ ಬಂದದ್ದು 1994ರಲ್ಲಿ. 2012ರ ತಿದ್ದುಪಡಿ ಇನ್ನೂ ಮಹತ್ವದ್ದು: ಸಾಹಿತ್ಯ ಬರೆದವರೂ ರಾಗ ಹಾಕಿದವರೂ ಹಕ್ಕನ್ನು ಮಾರಿದರೂ ಚಿತ್ರಮಂದಿರದ ಹೊರಗಣ ಬಳಕೆಯಿಂದ ಬರುವ ಗೌರವಧನದಲ್ಲಿ ಅವರ ಸಮಪಾಲು ಅವರದೇ, ಅದನ್ನು ಬಿಟ್ಟುಕೊಡುತ್ತೇನೆಂದು ಕಾಗದ ಬರೆದುಕೊಟ್ಟರೂ ಆ ಕಾಗದಕ್ಕೆ ಬೆಲೆಯಿಲ್ಲ. ಅದನ್ನು ವಸೂಲು ಮಾಡಿ ಹಂಚುವ ಐ.ಪಿ.ಆರ್.ಎಸ್. ಎಂಬ ಸಂಘ 1969ರಷ್ಟು ಹಳೆಯದು. ಗಾಯಕರಿಗಾಗಿ ಇಸ್ರಾ ಎಂಬ ಸಂಘ 2013ರಲ್ಲಿ ಬಂದಿತು.

2017ರಲ್ಲಿ ಇಳಯರಾಜಾ ತಮ್ಮ ಹಾಡುಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಕೂಡದೆಂದು ಅಮೆರಿಕದ ಪ್ರವಾಸದಲ್ಲಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ನೋಟಿಸು ಕಳಿಸಿದಾಗ ದಕ್ಷಿಣ ಭಾರತವೆಲ್ಲ ಇಬ್ಭಾಗವಾಯಿತು. ಹಾಡಿದವನ ಹಾಡನ್ನು ಅವನೇ ಹಾಡಬಾರದೇ ಎಂದು ಬಹುಮಂದಿ ಕೋಪಗೊಂಡರು. ಸ್ನೇಹದ ದೃಷ್ಟಿಯಿಂದ ಆ ನೋಟಿಸು ಕಟುವಾಗಿತ್ತು. ಆದರೆ ಟಿಕೆಟು ಮಾರಿದ ಕಾರ್ಯಕ್ರಮದ ಲಾಭದಲ್ಲಿ ರಾಗ ಹಾಕಿದವನಿಗೂ ಪಾಲಿದೆಯೆಂಬ ಮಾತು ತಪ್ಪಲ್ಲವೆಂಬುದು ನನ್ನ ಅಭಿಪ್ರಾಯ. 2019ರಲ್ಲಿ ಇಬ್ಬರೂ ಒಂದೇ ವೇದಿಕೆಯ ಮೇಲೆ ನಿಂತು ಆ ಅಧ್ಯಾಯವನ್ನು ಮುಗಿಸಿದರು. ಮನೆಯ ಮದುವೆಯಲ್ಲಿ ಧ್ವನಿವರ್ಧಕ ಹಾಕಿಸುವವರು ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ. ಧಾರ್ಮಿಕ ವಿಧಿಗಳಿಗೂ ಮದುವೆಯ ಮೆರವಣಿಗೆ ಸಮಾರಂಭಗಳಿಗೂ ಕಾನೂನು ವಿನಾಯಿತಿ ಕೊಟ್ಟಿದೆ.

ಹಣ ಈಗ ಎಲ್ಲಿ ಬೀಳುತ್ತಿದೆ

ಮುದ್ರಿತ ನಾದದ ಬೆಲೆ ಕುಸಿದಂತೆ ಎದುರಿಗೆ ಕುಳಿತು ಕೇಳುವುದರ ಬೆಲೆ ಏರಿದೆ. 2023ರ ಸೆಪ್ಟೆಂಬರಿನಲ್ಲಿ ಚೆನ್ನೈಯ ಪೂರ್ವ ಕರಾವಳಿ ರಸ್ತೆಯಲ್ಲಿ ನಡೆದ ಎ.ಆರ್. ರಹಮಾನರ ಕಾರ್ಯಕ್ರಮಕ್ಕೆ ಸಾವಿರಾರು ರೂಪಾಯಿ ಟಿಕೆಟು ಕೊಂಡವರು, ಜನಜಂಗುಳಿಯಿಂದಾಗಿ ಒಳಗೆ ಹೋಗಲಾರದೆ ಹಿಂದಿರುಗಿದರು. ಏರ್ಪಾಡಿನ ದೋಷ ಏನೇ ಇರಲಿ, ಮನೆಯಲ್ಲಿ ಪುಕ್ಕಟೆಯಾಗಿ ಸಿಗುವ ಹಾಡುಗಳಿಗಾಗಿ ಅಷ್ಟು ಜನ ಹಣ ತೆತ್ತು ಬಂದಿದ್ದರೆಂಬುದು ಗಮನಾರ್ಹ. 2025ರ ಫೆಬ್ರವರಿಯಲ್ಲಿ ನಂದನಂನ ವೈ.ಎಂ.ಸಿ.ಎ. ಮೈದಾನದಲ್ಲಿ ಎಡ್ ಶೀರನ್ ಎಂಬ ಆಂಗ್ಲ ಗಾಯಕ ಹಾಡಿದಾಗಲೂ ಹಾಗೆಯೇ.

ಶಾಸ್ತ್ರೀಯ ವಿದ್ವಾಂಸರ ಮಟ್ಟಿಗೆ ಹೇಳುವುದಾದರೆ, ಇಂದು ಎಷ್ಟೋ ಮನೆಗಳನ್ನು ಕಚೇರಿಗಿಂತ ಪಾಠ ಸಾಕುತ್ತಿದೆ. ಮೈಲಾಪುರದ ಮಹಡಿಯ ಕೋಣೆಯೊಂದರಲ್ಲಿ ಬೆಳಗಿನ ಐದಕ್ಕೇ ಶ್ರುತಿಪೆಟ್ಟಿಗೆ ಹಾಕಿ, ಲ್ಯಾಪ್‌ಟಾಪಿನ ಮುಂದೆ ಕುಳಿತು, ಕ್ಯಾಲಿಫೋರ್ನಿಯಾದ ಕನ್ನಡ ಮನೆಯ ಹುಡುಗಿಗೆ ‘ಗಮಕ ಇನ್ನೊಂದು ಸಲ’ ಎಂದು ಹೇಳುವ ಗುರು ಇಂದಿನ ಸಂಗೀತಲೋಕದ ನಿಜವಾದ ಪ್ರತಿನಿಧಿ. ಆ ಹುಡುಗಿಯ ತಂದೆತಾಯಿಗಳು ಪಾಠಕ್ಕೆ ಧಾರಾಳವಾಗಿ ಕೊಡುತ್ತಾರೆ; 1978ರಿಂದ ನಡೆದುಬಂದ ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಆರಾಧನೆಗೆ ವಿಮಾನದ ಟಿಕೆಟು ಕೊಂಡು ಹೋಗುತ್ತಾರೆ; ಅದೇ ಗುರುವಿನ ಮುದ್ರಣವನ್ನು ಯೂಟ್ಯೂಬಿನಲ್ಲಿ ಕೇಳುತ್ತಾರೆ. ಅವರು ಜಿಪುಣರೆಂದು ಯಾರು ಹೇಳಬಲ್ಲರು?

ಆದ್ದರಿಂದ ಕೇಳುಗ ಕೊಡುವುದನ್ನು ಬಿಟ್ಟಿದ್ದಾನೆಂಬ ಗೊಣಗಾಟಕ್ಕೆ ಆಧಾರವಿಲ್ಲ. ಅವನು ಸಾನ್ನಿಧ್ಯಕ್ಕೂ ವಿದ್ಯೆಗೂ ಕೊಡುತ್ತಿದ್ದಾನೆ, ಮೊಬೈಲಿನ ಸೌಕರ್ಯಕ್ಕೂ ಕೊಡುತ್ತಿದ್ದಾನೆ. ಕೆಟ್ಟಿರುವುದು ಹಂಚಿಕೆ. ಅದನ್ನು ಸರಿಪಡಿಸುವ ಕೆಲಸ ಕಾನೂನಿನದೂ ಕಂಪೆನಿಗಳದೂ ಆಗಿರುವಾಗ, ಅಷ್ಟರೊಳಗೆ ನಮ್ಮ ಕೈಯಲ್ಲಿರುವುದು ಸ್ವಲ್ಪ.

ಬರುವ ಧನುರ್ಮಾಸದಲ್ಲಿ ಚೆನ್ನೈಗೆ ಹೋಗುವ ಕನ್ನಡ ರಸಿಕರಲ್ಲಿ ಒಂದು ಬಿನ್ನಹ. ಹೆಸರಾದವರ ಕಚೇರಿಗೆ ಟಿಕೆಟು ಸಿಗದಿದ್ದರೆ ಬೇಸರಿಸದೆ, ಟಿಕೆಟಿರುವ ಯಾವುದಾದರೊಂದು ಕಿರಿಯರ ಕಚೇರಿಗೆ ಹಣ ಕೊಟ್ಟು ಕುಳಿತುಕೊಳ್ಳಿ; ತನಿ ಆವರ್ತನ ಮುಗಿಯುವವರೆಗೆ ಏಳಬೇಡಿ. ಆ್ಯಪಿನ ಚಂದಾ ಕಟ್ಟಲು ಶಕ್ತಿಯಿದ್ದರೆ ಕಟ್ಟಿ. ನಿಮ್ಮ ಮನೆಯ ಉಪನಯನಕ್ಕೋ ಬಡಾವಣೆಯ ರಾಮನವಮಿಗೋ ವಿದ್ವಾಂಸರನ್ನು ಕರೆದಾಗ, ಸಂಭಾವನೆಯನ್ನು ಮೊದಲೇ ಮಾತನಾಡಿ ನಿಶ್ಚಯಿಸಿ, ಪಕ್ಕವಾದ್ಯದವರ ಪಾಲನ್ನು ಅವರವರ ಕೈಗೇ ಕೊಡಿ.